ಒನಕೆಗೆ ಎಷ್ಟು ಅಂಕ?

ಮಂತ್ರದ ಕತ್ತಿಯ ಶಕ್ತಿಯನ್ನು ಅಳೆಯುವುದು ಹೇಗೆ? ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ಇದಕ್ಕೆ ಸುಲಭದ ಉತ್ತರವಿದೆ. ಮೇಜಿನ ಸುತ್ತ ನಾಲ್ಕೈದು ಜನ ಕೂತು, ಒಬ್ಬರು ಕಥೆ ನಡೆಸುತ್ತ, ಉಳಿದವರು ತಂತಮ್ಮ ಪಾತ್ರವಾಗಿ ಮಾತಾಡುತ್ತ, ಇಪ್ಪತ್ತು ಮುಖದ ದಾಳ ಉರುಳಿಸುವ ಆಟ ಅದು. ಕತ್ತಿ ಮಂತ್ರದ್ದಾದರೆ ಬಿದ್ದ ಗರಕ್ಕೆ ಒಂದೋ, ಎರಡೋ, ಹೆಚ್ಚೆಂದರೆ ಮೂರೋ ಸೇರಿಸಿಕೊಳ್ಳಬಹುದು. ನನಗಂತೂ ಬಡ್ಡಿ ಲೆಕ್ಕ ನೋಡಿದ ಹಾಗಾಯಿತು.

ಬೆಂಗಳೂರಿನಲ್ಲಿ ಓದುವ ತಂಗಿಯ ಮಗಳು ರಜೆಗೆ ಹೊಸದುರ್ಗಕ್ಕೆ ಬರುವಾಗ, ಕಥೆ ನಡೆಸುವವರಿಗಾಗಿಯೇ ಇರುವ ಕೈಪಿಡಿಯ 2014ರ ಆವೃತ್ತಿ ತಂದಿದ್ದಳು. ಶೇಂಗಾ ಕಟ್ಟಿದ ಕಾಗದವನ್ನೂ ಬಿಡದೆ ಓದುವವಳು ನಾನು, ಇದನ್ನು ಬಿಡುತ್ತೇನೆಯೇ? ನಿಧಿಯ ಅಧ್ಯಾಯದಲ್ಲಿ ಕೆಲವು ಪಟ್ಟಿಗಳಿವೆ. ವಸ್ತುವನ್ನು ಮಾಡಿದವರು ಯಾರು, ಅದರ ಹಿಂದಿನ ಕಥೆಯೇನು, ಅದಕ್ಕಿರುವ ಸಣ್ಣ ಗುಣವೇನು, ಅದರ ಚಾಳಿಯೇನು. ದಾಳ ಉರುಳಿಸಿಯೋ ನಾವೇ ಆರಿಸಿಯೋ ವಸ್ತುವನ್ನು ನಮ್ಮದಾಗಿಸಿಕೊಳ್ಳಬಹುದು. ಚಾಳಿಗಳ ಪಟ್ಟಿ ನನಗೆ ಬಹಳ ಹಿಡಿಸಿತು. ಸದಾ ಗೊಣಗುವ ವಸ್ತುವೊಂದಿದೆ. ಕಿವಿಗೊಟ್ಟು ಕೇಳಿದರೆ ಉಪಯೋಗದ ಮಾತು ಸಿಕ್ಕರೂ ಸಿಕ್ಕೀತಂತೆ. ಇಂಥದ್ದು ಯಾವ ಮನೆಯಲ್ಲಿಲ್ಲ ಹೇಳಿ!

ಆದರೂ ನನ್ನದೊಂದು ತಕರಾರು. ಈ ಪಟ್ಟಿಗಳೆಲ್ಲ ಮೇಲಿನ ಅಲಂಕಾರ. ಚಾಳಿಗೂ ಶಕ್ತಿಗೂ ಪರಿಚಯವೇ ಇಲ್ಲ. ನಮ್ಮ ಅಕ್ಷಯ ಪಾತ್ರೆ ನೋಡಿ. ಸೂರ್ಯ ಧರ್ಮರಾಯನಿಗೆ ಕೊಟ್ಟದ್ದು. ಎಷ್ಟು ಜನ ಬಂದರೂ ಅನ್ನ ತೀರುವುದಿಲ್ಲ, ಆದರೆ ದ್ರೌಪದಿ ಉಂಡಳೋ, ಆ ದಿನದ ಮಟ್ಟಿಗೆ ಮುಗಿಯಿತು. ಆ ಷರತ್ತು ಇದ್ದದ್ದರಿಂದಲೇ ದೂರ್ವಾಸರು ಶಿಷ್ಯರನ್ನು ಕಟ್ಟಿಕೊಂಡು ಬಂದಾಗ ಅವಳ ಎದೆ ಧಸಕ್ಕೆಂದಿತು, ಕೃಷ್ಣ ಪಾತ್ರೆಯಲ್ಲಿ ಅಂಟಿದ್ದ ಅಗುಳನ್ನು ಹುಡುಕಬೇಕಾಯಿತು. ಷರತ್ತು ತೆಗೆದುಬಿಟ್ಟರೆ ಉಳಿಯುವುದು ಛತ್ರದ ದೊಡ್ಡ ಕೊಳಗವಷ್ಟೇ.

ಇದನ್ನೇ ಅವಳಿಗೆ ಹೇಳಿದೆ. ಅವಳು ಒಪ್ಪಿಕೊಂಡಳು, ಆದರೆ ತಿರುಗಿ ಕೇಳಿದಳು: “ಅದು ಸರಿ ದೊಡ್ಡಮ್ಮ, ಕೊನೆಗೆ ಉಣ್ಣೋಳು ದ್ರೌಪದೀನೇ ಯಾಕಾಗ್ಬೇಕು?” ನಾನು ಎಷ್ಟೋ ಸಲ ಕೇಳಿದ ಕಥೆ. ಆ ಪಾತ್ರೆಯ ಷರತ್ತು ಸೂರ್ಯದೇವನದಲ್ಲ, ನಮ್ಮ ಅಡುಗೆಮನೆಯದೇ ಎಂದು ಹೊಳೆದದ್ದು ಆಗ. ಅವಳು ತನ್ನ ಆಟಕ್ಕೆ ಪಾತ್ರೆಯನ್ನು ತಿದ್ದಿಕೊಂಡಳು. ಶಕ್ತಿ ಅದೇ, ಆದರೆ ಕೊನೆಯವರು ಯಾರೆಂದು ಪ್ರತಿದಿನ ಎಲ್ಲರೂ ಕೂತು ತೀರ್ಮಾನಿಸಬೇಕು, ಸತತ ಎರಡು ದಿನ ಒಬ್ಬರೇ ಆಗುವಂತಿಲ್ಲ. ರಾಕ್ಷಸರನ್ನು ಕೊಲ್ಲಲು ಹೊರಟ ವೀರರು ಇನ್ನು ಊಟದ ಸರದಿಗಾಗಿ ಜಗಳ ಕಾಯಬೇಕು. ಪುಸ್ತಕದ ಪಟ್ಟಿಗಳಲ್ಲಿ ಇದರ ಹತ್ತಿರಕ್ಕೆ ಬರುವಂಥದ್ದು ನನಗೆ ಸಿಗಲಿಲ್ಲ.

ಆಮೇಲೆ ಒನಕೆಯ ಸರದಿ. ನಮ್ಮ ಜಿಲ್ಲೆಯ ಹುಡುಗಿಗೆ ಓಬವ್ವನ ಒನಕೆ ಬೇಕೆನಿಸಿದ್ದು ಸಹಜ. ಅವಳ ಗೆಳೆಯರ ಪ್ರಕಾರ ಅದಕ್ಕೆ ಪೂರ್ತಿ ಮೂರು ಅಂಕ ಕೊಡಬೇಕು. ನನಗಿದು ಅನ್ಯಾಯವೆನಿಸಿತು. ಹೈದರಾಲಿಯ ಸೈನಿಕರು ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ನುಸುಳಿ ಬಂದಾಗ ಓಬವ್ವನ ಕೈಯಲ್ಲಿದ್ದದ್ದು ತುದಿಗೆ ಅಣಸು ಹಾಕಿದ ಮರದ ತುಂಡು, ಅಷ್ಟೇ. ಅದಕ್ಕೆ ಮೂರು ಅಂಕ ಕೊಟ್ಟರೆ ಅಷ್ಟೂ ಅವಳ ತೋಳಿನಿಂದ ಕಿತ್ತುಕೊಂಡ ಹಾಗೆ. ಕೆಲವು ಮಂತ್ರವಸ್ತುಗಳು ಒಲಿಯಬೇಕಾದರೆ ಒಂದು ಗಂಟೆ ಅದರ ಮೇಲೇ ಗಮನವಿಟ್ಟು ಕೂರಬೇಕು ಎಂದು ಕೈಪಿಡಿ ಹೇಳುತ್ತದೆ. ಒಂದು ಗಂಟೆಯಂತೆ! ನಮ್ಮ ಸೀಮೆಯಲ್ಲಿ ಸಾವೆ, ನವಣೆ ಕುಟ್ಟಿದ ಹೆಂಗಸರನ್ನು ಕೇಳಬೇಕಿತ್ತು, ಒನಕೆ ಎಷ್ಟು ವರ್ಷಕ್ಕೆ ಕೈಗೆ ಒಲಿಯಿತು ಎಂದು.

ಸಾಕಷ್ಟು ವಾದವಾದ ಮೇಲೆ ಅವಳು ಒನಕೆಯ ಚೀಟಿ ಬರೆದಳು. ಕುಟ್ಟಿ ಗೊತ್ತಿಲ್ಲದವರ ಕೈಯಲ್ಲಿ ಇದು ಬರೀ ಮರ. ಗೊತ್ತಿದ್ದವರ ಕೈಯಲ್ಲೂ ಇದರ ಬಲ ಮನೆಯಲ್ಲಿ ಇನ್ನೊಬ್ಬರು ಉಣ್ಣುತ್ತಿರುವಷ್ಟು ಹೊತ್ತು ಮಾತ್ರ. ಕಾವಲಿನ ಗಂಡ ಊಟಕ್ಕೆ ಕೂತಿದ್ದ, ಓಬವ್ವ ನೀರಿಗೆ ಹೋಗಿದ್ದಳು, ಅವನನ್ನು ನಡುವೆ ಎಬ್ಬಿಸಲಿಲ್ಲ ಎಂಬ ಕಥೆಯನ್ನು ಹುಡುಗಿ ಮರೆತಿಲ್ಲ. ಚೀಟಿಯಲ್ಲಿ ಅಂಕದ ಚೌಕ ಇನ್ನೂ ಖಾಲಿಯಿದೆ. ಹಾಗೇ ಇರಲಿ ಎಂದು ನಾನು, ಒಂದಾದರೂ ಬೇಕೇಬೇಕು ಎಂದು ಅವಳ ಗೆಳೆಯರು.