ಕಾಗದದ ಕಾರ್ಖಾನೆಯಲ್ಲಿ ಹುಟ್ಟಿದ ಸಿದ್ಧಾಂತ

ಕಂಟ್ರೋಲ್ ಸಿಸ್ಟಮ್ಸ್ ಕ್ಷೇತ್ರದಲ್ಲಿ 1960ರಿಂದೀಚೆಗೆ ಬಂದ ಸಿದ್ಧಾಂತಗಳು ನೂರಾರು. ಕಾರ್ಖಾನೆಯ ಗೇಟು ದಾಟಿ ಒಳಗೆ ಹೋಗಿ ಅಲ್ಲೇ ನೆಲೆಯೂರಿದವು ಬೆರಳೆಣಿಕೆಯಷ್ಟು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಕಾರ್ಲ್ ಯೋಹಾನ್ ಓಸ್ಟ್ರೋಮ್ ಅವರ ಹೆಸರು ಎರಡೂ ಪಟ್ಟಿಯಲ್ಲಿ ಬರುತ್ತದೆ. ಅವರ ಸಾಧನೆಯನ್ನು ಪ್ರಶಸ್ತಿಗಳಿಂದ ಅಳೆಯುವುದು ಸುಲಭ. 1993ರಲ್ಲಿ ಐಇಇಇ ಎಂಬ ಇಂಜಿನಿಯರುಗಳ ಸಂಸ್ಥೆಯ ಅತ್ಯುನ್ನತ ಗೌರವವಾದ ಮೆಡಲ್ ಆಫ್ ಆನರ್ ಅವರಿಗೆ ಸಂದಿದೆ. ಆದರೆ ಅವರ ಸಂಶೋಧನೆಯ ನಿಜವಾದ ಬೆಲೆ ತಿಳಿಯಬೇಕಾದರೆ, ಯಾವ ಪ್ರಶ್ನೆಗಳನ್ನು ಅವರು ಪ್ರಶ್ನೆಗಳೆಂದು ಒಪ್ಪಿಕೊಂಡರು ಎಂಬುದನ್ನು ನೋಡಬೇಕು.

1934ರಲ್ಲಿ ಹುಟ್ಟಿದ ಓಸ್ಟ್ರೋಮ್ ಸ್ಟಾಕ್‌ಹೋಮಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಓದಿ 1960ರಲ್ಲಿ ಡಾಕ್ಟರೇಟ್ ಪಡೆದರು. ಆಮೇಲೆ ಸೇರಿದ್ದು ಐಬಿಎಂನ ನಾರ್ಡಿಕ್ ಪ್ರಯೋಗಾಲಯಕ್ಕೆ. ಬಿಲ್ಲೆರುಡ್ ಕಂಪನಿಯ ಕಾಗದದ ಯಂತ್ರವನ್ನು ಕಂಪ್ಯೂಟರಿನಿಂದ ನಡೆಸುವ ಯೋಜನೆ ಅವರ ಪಾಲಿಗೆ ಬಂದದ್ದು ಅಲ್ಲಿ. ಅವರ ಮುಂದಿನ ಕೆಲಸದ ಬೇರುಗಳೆಲ್ಲ ಇಲ್ಲಿವೆ.

ಕಾಗದದ ಯಂತ್ರದಲ್ಲಿ ಪಲ್ಪಿನ ಹರಿವನ್ನು ಬದಲಾಯಿಸಿದರೆ, ಅದರ ಪರಿಣಾಮ ಯಂತ್ರದ ಇನ್ನೊಂದು ತುದಿಯಲ್ಲಿ ಕಾಣುವುದಕ್ಕೆ ಹೊತ್ತು ಬೇಕು. ಬಚ್ಚಲಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿ, ನೀರು ಇನ್ನೂ ತಣ್ಣಗಿದೆಯೆಂದು ಮತ್ತಷ್ಟು ತಿರುಗಿಸಿ, ಕೊನೆಗೆ ಮೈ ಸುಟ್ಟುಕೊಳ್ಳುವವರ ಕಷ್ಟವೇ ಆಪರೇಟರನದೂ. ಹೀಗಾಗಿ ಕಾಗದದ ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ತೂಕ), ತೇವಾಂಶ ಎರಡೂ ಏರಿಳಿಯುತ್ತಲೇ ಇರುತ್ತವೆ. ಏರಿಳಿತ ದೊಡ್ಡದಾಗಿದ್ದರೆ, ಮಾಲು ತಿರಸ್ಕೃತವಾಗಬಾರದೆಂದು ಕಾರ್ಖಾನೆ ಬೇಕಾದ್ದಕ್ಕಿಂತ ಹೆಚ್ಚು ಪಲ್ಪ್ ಹಾಕುತ್ತದೆ, ಬೇಕಾದ್ದಕ್ಕಿಂತ ಹೆಚ್ಚು ಒಣಗಿಸುತ್ತದೆ. ಏರಿಳಿತ ತಗ್ಗಿದಷ್ಟೂ ಗುರಿಯನ್ನು ಮಿತಿಯ ಹತ್ತಿರಕ್ಕೆ ತರಬಹುದು. ಪಲ್ಪೂ ಉಳಿಯುತ್ತದೆ, ಹಬೆಯೂ ಉಳಿಯುತ್ತದೆ.

ಈ ಹಣದ ಲೆಕ್ಕವನ್ನು ಓಸ್ಟ್ರೋಮ್ ಗಣಿತದ ಪ್ರಶ್ನೆಯಾಗಿ ಕಂಡರು: ಏರಿಳಿತವನ್ನು ಎಷ್ಟರ ಮಟ್ಟಿಗೆ ತಗ್ಗಿಸಲು ಸಾಧ್ಯ? ಇದಕ್ಕೆ ಮೊದಲು ಯಂತ್ರದ ಮಾದರಿ ಬೇಕು. ಅಳತೆಯ ಅಂಕಿಗಳಿಂದಲೇ ಯಂತ್ರದ ವರ್ತನೆಯನ್ನೂ ಅದರೊಳಗಿನ ಅನಿಶ್ಚಿತತೆಯನ್ನೂ ಒಟ್ಟಿಗೆ ಅಂದಾಜು ಮಾಡುವ ವಿಧಾನವನ್ನು ಅವರು ಟೋರ್ಸ್ಟೆನ್ ಬೋಲಿನ್ ಜೊತೆ 1965ರಲ್ಲಿ ಮಂಡಿಸಿದರು. ಬಳಿಕ ದೊರೆತ ಉತ್ತರ ಸೊಗಸಾದದ್ದು. ನಮ್ಮ ಕ್ರಿಯೆಯ ಪರಿಣಾಮ ಕಾಣುವ ಹೊತ್ತಿಗೆ ಯಂತ್ರ ಎಲ್ಲಿರುತ್ತದೆಂದು ಮೊದಲೇ ಊಹಿಸಿ, ಆ ಊಹೆಯನ್ನು ಗುರಿಗೆ ಸರಿಹೊಂದಿಸಬೇಕು. ಕೊನೆಗೆ ಉಳಿಯುವ ತಪ್ಪು ಊಹೆಯ ತಪ್ಪಿನಷ್ಟೇ. ನಿಯಂತ್ರಣದ ಸಮಸ್ಯೆ ಹೀಗೆ ಮುನ್ಸೂಚನೆಯ ಸಮಸ್ಯೆಯಾಯಿತು. ಇದೇ ಮಿನಿಮಮ್ ವೇರಿಯನ್ಸ್ ಕಂಟ್ರೋಲ್.

1965ರಲ್ಲಿ, ಮೂವತ್ತರ ಆಸುಪಾಸಿನಲ್ಲೇ, ಲುಂಡ್‌ನಲ್ಲಿ ಪ್ರಾಧ್ಯಾಪಕರಾಗಿ ಅವರು ಆಟೊಮ್ಯಾಟಿಕ್ ಕಂಟ್ರೋಲ್ ವಿಭಾಗವನ್ನು ಕಟ್ಟಿದರು. 1973ರಲ್ಲಿ ಬ್ಯೋರ್ನ್ ವಿಟ್ಟೆನ್‌ಮಾರ್ಕ್ ಜೊತೆ ಬರೆದ ಸೆಲ್ಫ್ ಟ್ಯೂನಿಂಗ್ ರೆಗ್ಯುಲೇಟರ್ ಕುರಿತ ಪ್ರಬಂಧ ಅವರ ಅತ್ಯಂತ ಪ್ರಸಿದ್ಧ ಕೆಲಸ. ಇದರಲ್ಲಿ ಯಂತ್ರ ಓಡುತ್ತಿರುವಾಗಲೇ ಕಂಟ್ರೋಲರ್ ತನ್ನ ಮಾದರಿಯನ್ನು ತಾನೇ ತಿದ್ದಿಕೊಳ್ಳುತ್ತ ಹೋಗುತ್ತದೆ. ಅಲ್ಲಿನ ಫಲಿತಾಂಶ ಇಂದಿಗೂ ಬೆರಗು ಹುಟ್ಟಿಸುತ್ತದೆ: ಅಂದಾಜು ಮಾಡುವ ವಿಧಾನ ತೀರ ಸರಳವಾಗಿದ್ದು ಅದರ ಮಾದರಿ ಕರಾರುವಾಕ್ಕಾಗಿಲ್ಲದಿದ್ದರೂ, ಅಂದಾಜುಗಳು ಒಂದು ಕಡೆ ನೆಲೆನಿಂತರೆ ಸಿಗುವ ಕಂಟ್ರೋಲರ್ ಮಾತ್ರ ಅತ್ಯುತ್ತಮವಾದದ್ದೇ.

ವಿಮರ್ಶೆ ಬಿಗಿಯಾಗಬೇಕಾದದ್ದು ಈ 'ನೆಲೆನಿಂತರೆ' ಎಂಬಲ್ಲಿ. ನೆಲೆನಿಲ್ಲುತ್ತವೆಯೇ ಎಂಬ ಪ್ರಶ್ನೆಯನ್ನು ಆ ಪ್ರಬಂಧ ಬಿಡಿಸಲಿಲ್ಲ. ಅದಕ್ಕೆ ಲೆನ್ನಾರ್ಟ್ ಯುಂಗ್ ಮುಂತಾದವರು ವರ್ಷಗಳ ಕಾಲ ದುಡಿಯಬೇಕಾಯಿತು. ಮಿನಿಮಮ್ ವೇರಿಯನ್ಸ್ ತತ್ತ್ವಕ್ಕೂ ಒಂದು ಕೊರತೆಯಿದೆ. ಅದು ಏರಿಳಿತವನ್ನಷ್ಟೇ ನೋಡುತ್ತದೆ, ಅದಕ್ಕಾಗಿ ವಾಲ್ವ್ ಎಷ್ಟು ಹೊಯ್ದಾಡುತ್ತದೆ ಎಂಬುದನ್ನು ನೋಡುವುದಿಲ್ಲ. ಮೊದಲು ವಿರುದ್ಧ ದಿಕ್ಕಿಗೆ ಸರಿದು ಆಮೇಲೆ ದಾರಿಗೆ ಬರುವ ಪ್ರಕ್ರಿಯೆಗಳಲ್ಲಿ ಅದನ್ನು ಇದ್ದ ಹಾಗೇ ಬಳಸಿದರೆ ವ್ಯವಸ್ಥೆ ಅಸ್ಥಿರವಾಗಬಹುದು. 1980ರ ದಶಕದ ಆರಂಭದಲ್ಲಿ ಎಂಐಟಿಯ ಚಾರ್ಲ್ಸ್ ರೋರ್ಸ್ ಮತ್ತು ಸಂಗಡಿಗರು, ಮಾದರಿಯಲ್ಲಿ ಸೇರದ ಸಣ್ಣ ಗುಣಗಳು ಕೂಡ ಹೀಗೆ ತಮ್ಮನ್ನು ತಾವೇ ತಿದ್ದಿಕೊಳ್ಳುವ ಆ ಕಾಲದ ಅಡಾಪ್ಟಿವ್ ಕಂಟ್ರೋಲರುಗಳನ್ನು ಅಸ್ಥಿರಗೊಳಿಸಬಲ್ಲವು ಎಂದು ತೋರಿಸಿದಾಗ ಇಡೀ ಕ್ಷೇತ್ರಕ್ಕೇ ಪೆಟ್ಟು ಬಿತ್ತು. ಓಸ್ಟ್ರೋಮ್ ಆ ಉದಾಹರಣೆಗಳನ್ನೇ ಎತ್ತಿಕೊಂಡು, ಎಲ್ಲಿ ಏಕೆ ಕೆಡುತ್ತದೆಂದು 1983ರಲ್ಲಿ ವಿಶ್ಲೇಷಿಸಿದರು. ಸಂಶೋಧಕನ ಪ್ರಾಮಾಣಿಕತೆ ಕಾಣುವುದು ಇಂಥ ಕಡೆಯೇ.

ನನ್ನ ದೃಷ್ಟಿಯಲ್ಲಿ ಅವರ ಅತಿ ದೊಡ್ಡ ಕೊಡುಗೆ ಇದರ ನಂತರದ್ದು. ಕಾರ್ಖಾನೆಗಳ ಬಹುಪಾಲು ನಿಯಂತ್ರಣ ಲೂಪುಗಳು ಇಂದಿಗೂ, ತಪ್ಪು ಈಗ ಎಷ್ಟಿದೆ, ಇದುವರೆಗೆ ಎಷ್ಟು ಕೂಡಿದೆ, ಎಷ್ಟು ವೇಗವಾಗಿ ಬದಲಾಗುತ್ತಿದೆ ಎಂಬ ಮೂರನ್ನು ನೋಡಿ ತಿದ್ದುವ ಪಿಐಡಿ ಕಂಟ್ರೋಲರಿನಿಂದಲೇ ನಡೆಯುತ್ತವೆ. ಸಿದ್ಧಾಂತಿಗಳು ಅದನ್ನು ಹಳೆಯ ಸರಕೆಂದು ಬದಿಗಿಟ್ಟಿದ್ದ ಕಾಲದಲ್ಲಿ, ಖ್ಯಾತಿಯ ಶಿಖರದಲ್ಲಿದ್ದ ಓಸ್ಟ್ರೋಮ್ ಅದರತ್ತ ತಿರುಗಿದರು. ಪಿಐಡಿ ಟ್ಯೂನಿಂಗಿಗೆ 1942ರಿಂದ ಬಳಕೆಯಲ್ಲಿದ್ದ ಜೀಗ್ಲರ್–ನಿಕೋಲ್ಸ್ ವಿಧಾನದಲ್ಲಿ, ವ್ಯವಸ್ಥೆ ತೂಗಾಡತೊಡಗುವ ತನಕ ಗೇನನ್ನು, ಅಂದರೆ ಕಂಟ್ರೋಲರ್ ಪ್ರತಿಕ್ರಿಯಿಸುವ ತೀವ್ರತೆಯನ್ನು, ಏರಿಸಬೇಕು. ಓಡುತ್ತಿರುವ ಕಾರ್ಖಾನೆಯಲ್ಲಿ ಅದು ಅಪಾಯದ ಕೆಲಸ. ಟೋರೆ ಹೆಗ್ಲುಂಡ್ ಜೊತೆ 1984ರಲ್ಲಿ ಅವರು ಸೂಚಿಸಿದ ಉಪಾಯ ಸರಳ: ಕಂಟ್ರೋಲರಿನ ಜಾಗದಲ್ಲಿ ಸ್ವಲ್ಪ ಹೊತ್ತು ಒಂದು ರಿಲೇ, ಅಂದರೆ ಎರಡೇ ಸ್ಥಿತಿಗಳ ನಡುವೆ ಬದಲಾಗುವ ಸ್ವಿಚ್, ಇಡಿ. ವ್ಯವಸ್ಥೆ ತಾನಾಗಿಯೇ ತೂಗಾಡುತ್ತದೆ, ಆದರೆ ಎಷ್ಟು ತೂಗಾಡಬೇಕೆಂಬುದು ನಮ್ಮ ಹಿಡಿತದಲ್ಲಿರುತ್ತದೆ. ಆ ತೂಗಾಟದ ಅವಧಿ ಮತ್ತು ಎತ್ತರ, ಇವೆರಡರಿಂದ ಟ್ಯೂನಿಂಗಿಗೆ ಬೇಕಾದ ಅಂಕಿಗಳು ಸಿಗುತ್ತವೆ. ಆಪರೇಟರ್ ಒಂದು ಗುಂಡಿ ಒತ್ತಿದರೆ ಸಾಕು.

ಇದಕ್ಕೂ ಮಿತಿಯಿದೆ. ರಿಲೇ ಪರೀಕ್ಷೆ ತಿಳಿಸುವುದು ಒಂದೇ ಒಂದು ಆವರ್ತನದಲ್ಲಿ ಪ್ರಕ್ರಿಯೆ ಹೇಗೆ ವರ್ತಿಸುತ್ತದೆ ಎಂಬುದನ್ನಷ್ಟೇ. ವಿಳಂಬ ಹೆಚ್ಚಿರುವ ಪ್ರಕ್ರಿಯೆಗಳಿಗೆ ಅಷ್ಟು ಸಾಲದು. ಆದ್ದರಿಂದಲೇ ಅವರಿಬ್ಬರೂ ಎರಡು ದಶಕಗಳಾಚೆಗೂ ಪಿಐಡಿ ಕುರಿತು ಬರೆಯುತ್ತಲೇ ಹೋದರು. ಆದರೂ ಕಂಟ್ರೋಲ್ ಸಿದ್ಧಾಂತದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬ ಆಪರೇಟರನ ಕೈಗೆ ಆ ಸಿದ್ಧಾಂತದ ಫಲವನ್ನು ಇಷ್ಟು ನೇರವಾಗಿ ತಲುಪಿಸಿದ ಇನ್ನೊಂದು ಉದಾಹರಣೆ ನನಗೆ ತೋಚುವುದಿಲ್ಲ. ಅಸಾಧಾರಣ ಬುದ್ಧಿಶಕ್ತಿಯ ವಿದ್ವಾಂಸನೊಬ್ಬ ಕೆಳದರ್ಜೆಯ ಕೆಲಸವೆಂದು ಇತರರು ಬಗೆದದ್ದನ್ನು ಮನಸಾರೆ ಮಾಡಿದ್ದರ ಫಲ ಅದು.

ಅಧ್ಯಾಪಕರಾಗಿಯೂ ಅವರು, ಸಿದ್ಧಾಂತವನ್ನು ಎಲ್ಲರ ಕೈಗೂ ತಲುಪಿಸುವ, ಅದೇ ಹಾದಿ ಹಿಡಿದರು. ಸೈಕಲ್ಲು ಬೀಳದೆ ಏಕೆ ಓಡುತ್ತದೆ ಎಂಬ ಬಗ್ಗೆ ಗೆಳೆಯರೊಡನೆ 2005ರಲ್ಲಿ ಬರೆದ ಲೇಖನ ಅದಕ್ಕೆ ಸಾಕ್ಷಿ. ರಿಚರ್ಡ್ ಮರ್ರೆ ಜೊತೆ ಬರೆದು 2008ರಲ್ಲಿ ಹೊರತಂದ 'ಫೀಡ್‌ಬ್ಯಾಕ್ ಸಿಸ್ಟಮ್ಸ್' ಪಠ್ಯವನ್ನು ಅಂತರ್ಜಾಲದಲ್ಲಿ ಯಾರಾದರೂ ಉಚಿತವಾಗಿ ಓದಬಹುದು.

ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರಿಗೆ ಒಂದು ಮನವಿ. ರೂಟ್ ಲೋಕಸ್ಸು, ಬೋಡೆ ಪ್ಲಾಟುಗಳನ್ನು ಗ್ರಾಫ್ ಹಾಳೆಯ ಮೇಲೆ ಬಿಡಿಸಿ ಪರೀಕ್ಷೆ ಪಾಸಾಗುವ ನಮ್ಮ ಅನೇಕ ವಿದ್ಯಾರ್ಥಿಗಳು ಒಂದು ಲೂಪನ್ನೂ ಕೈಯಾರೆ ಟ್ಯೂನ್ ಮಾಡದೆ ಪದವಿ ಪಡೆಯುತ್ತಾರೆ. ಒಂದು ಹೀಟರ್, ಒಂದು ತಾಪಮಾನದ ಸೆನ್ಸರ್, ಒಂದು ಆರ್ಡುಯಿನೊ ಇದ್ದರೆ ಓಸ್ಟ್ರೋಮ್–ಹೆಗ್ಲುಂಡ್ ರಿಲೇ ಪರೀಕ್ಷೆಯನ್ನು ಯಾವ ಪ್ರಯೋಗಾಲಯದಲ್ಲಾದರೂ ಮಾಡಬಹುದು. ಮುಂದಿನ ಸೆಮಿಸ್ಟರಿನಲ್ಲಿ ಅದನ್ನು ಮಾಡಿಸಿ.