ಟೀಚರಮ್ಮ ಧರ್ಮಗುರುವಾದದ್ದು

ಯಹೂದಿಗಳು ತಮ್ಮ ಧರ್ಮಗುರುವನ್ನು ರಬ್ಬಿ ಎನ್ನುತ್ತಾರೆ. 1935ರ ಡಿಸೆಂಬರಿನಲ್ಲಿ ಜರ್ಮನಿಯ ರೆಜಿನಾ ಯೋನಾಸ್ ರಬ್ಬಿಯಾಗಿ ದೀಕ್ಷೆ ಪಡೆದ ಮೊದಲ ಹೆಂಗಸು. ಈಕೆಯ ಪ್ರಬಂಧವನ್ನೂ ಜೀವನಕಥೆಯನ್ನೂ ಎಲಿಸಾ ಕ್ಲಾಫೆಕ್ 1999ರಲ್ಲಿ ಹೊರತಂದರು. ರಜೆಯಲ್ಲಿ ಆ ಕಥೆಯನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದಾಗ, 'ಅಯ್ಯೋ, ಇವಳೂ ನಮ್ಮ ಹಾಗೆ ಟೀಚರಮ್ಮನೇ' ಅನ್ನಿಸಿತು.

ರೆಜಿನಾ ಹುಟ್ಟಿದ್ದು 1902ರಲ್ಲಿ, ಬರ್ಲಿನ್ನಿನ ಬಡವರ ಕೇರಿಯಲ್ಲಿ. ಹನ್ನೊಂದರ ವಯಸ್ಸಿಗೇ ತಂದೆ ತೀರಿಕೊಂಡರು. ತಾಯಿಯದು ಆಚಾರವಂತ ಮನೆತನ. ಮಾಕ್ಸ್ ವೈಲ್ ಎಂಬ ಸಂಪ್ರದಾಯಸ್ಥ ರಬ್ಬಿ ಹುಡುಗಿಯನ್ನು ದೂರವಿಡದೆ ವಾರವಾರ ಕೂರಿಸಿಕೊಂಡು ಶಾಸ್ತ್ರಗ್ರಂಥಗಳನ್ನು ಓದಿಸಿದರು. ಮುಂದೆ ಆಕೆ ಹೆಣ್ಣುಮಕ್ಕಳಿಗೆ ಧರ್ಮಪಾಠ ಹೇಳುತ್ತ ಬರ್ಲಿನ್ನಿನ ಯಹೂದಿ ವಿದ್ಯಾಪೀಠದಲ್ಲಿ ಕಲಿತರು.

ಹೆಂಗಸು ರಬ್ಬಿಯಾಗಬಹುದೇ? ಇದೇ 1930ರ ಆ ಪ್ರಬಂಧದ ಪ್ರಶ್ನೆ. ಕಾಲ ಬದಲಾಗಿದೆ, ಶಾಸ್ತ್ರ ಬಿಡೋಣ ಎಂದು ಆಕೆ ವಾದಿಸಲಿಲ್ಲ. ಶಾಸ್ತ್ರವನ್ನೇ ತೆರೆದು, ಅಡ್ಡಿಯಿರುವುದು ಅದರಲ್ಲಲ್ಲ, ಜನರ ರೂಢಿಯಲ್ಲಿ ಎಂದರು. ಹುಟ್ಟಿದ ಮನೆಯನ್ನು ತೊರೆಯದೆ ಅದರ ಬಾಗಿಲು ಅಗಲಿಸಲು ಹೊರಟ ಮಗಳ ವಾದವಿದು.

ಒಂದು ಕಡೆ ಮಾತ್ರ ನನಗೆ ಮುಜುಗರವಾಯಿತು. ಹೆಂಗಸಿನ ಸಂಕೋಚ, ಶೀಲಗಳಿಗೆ ಆಕೆ ಬಹಳ ಬೆಲೆ ಕೊಡುತ್ತಾರೆ. ಗಂಡಸಿಗಿಲ್ಲದ ಈ ಪರೀಕ್ಷೆ ನಮಗೇಕೆ? ಆಮೇಲೆ ನನ್ನನ್ನೇ ಕೇಳಿಕೊಂಡೆ: ಕಾರ್ಯದರ್ಶಿಗಳ ಮುಂದೆ ಶಾಲೆಗೆ ಏನಾದರೂ ಕೇಳಬೇಕಾದಾಗ ನಾನೂ ಸೆರಗು ಸರಿಮಾಡಿಕೊಂಡೇ ಮಾತಾಡಿದವಳಲ್ಲವೇ? ಆದರೂ ಆಕೆಗೆ ಅದು ಬರೀ ಉಪಾಯವಾಗಿರಲಿಲ್ಲ, ನಂಬಿಕೆಯೇ ಆಗಿತ್ತು. ಅಲ್ಲಿ ನಾನು ಒಪ್ಪುವುದಿಲ್ಲ, ಗೌರವವನ್ನೇನೂ ಕಡಿಮೆ ಮಾಡುವುದೂ ಇಲ್ಲ.

ಪ್ರಬಂಧ ಮೆಚ್ಚಿದ ಪ್ರೊಫೆಸರ್ ಬಾನೆಟ್ ಅಷ್ಟರಲ್ಲೇ ತೀರಿಕೊಂಡರು. ಕೈಗೆ ಬಂದದ್ದು ಧರ್ಮೋಪಾಧ್ಯಾಯಿನಿಯ ಸರ್ಟಿಫಿಕೇಟು ಮಾತ್ರ. ಐದು ವರ್ಷ ಕಾದ ಮೇಲೆ ಓಫನ್‌ಬಾಖಿನ ಮಾಕ್ಸ್ ಡೀನೆಮಾನ್ ದೀಕ್ಷೆ ಕೊಟ್ಟರು.

1942ರಲ್ಲಿ ನಾಜಿಗಳು ತಾಯಿ ಮಗಳಿಬ್ಬರನ್ನೂ ಥೆರೇಸಿಯನ್‌ಷ್ಟಾಟ್ ಶಿಬಿರಕ್ಕೆ ಸಾಗಿಸಿದರು. ಮನಶ್ಶಾಸ್ತ್ರಜ್ಞ ವಿಕ್ಟರ್ ಫ್ರಾಂಕ್ಲ್ ಜೊತೆಗೂಡಿ, ರೈಲಿನಿಂದ ಇಳಿದು ದಿಕ್ಕುಗೆಟ್ಟವರಿಗೆ ಧೈರ್ಯ ಹೇಳುವುದು ಅಲ್ಲಿ ಆಕೆಯ ಕೆಲಸವಾಗಿತ್ತು. ಆಕೆಯ 24 ಉಪನ್ಯಾಸಗಳ ಕೈಬರಹದ ಪಟ್ಟಿ ಉಳಿದಿದೆ. ನೋಡಿ, ಅಲ್ಲಿಯೂ ಪಾಠ ನಿಲ್ಲಲಿಲ್ಲ. 1944ರ ಅಕ್ಟೋಬರಿನಲ್ಲಿ ತಾಯಿಯೊಂದಿಗೆ ಆಕೆಯನ್ನು ಔಷ್ವಿಟ್ಸ್‌ಗೆ ಒಯ್ದು ಕೊಂದರು.

ಬದುಕುಳಿದ ಫ್ರಾಂಕ್ಲ್ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಆಕೆಯ ಹೆಸರೆತ್ತಲಿಲ್ಲ. 1972ರಲ್ಲಿ ಅಮೆರಿಕದ ಸ್ಯಾಲಿ ಪ್ರೀಸ್ಯಾಂಡ್ ರಬ್ಬಿಯಾದಾಗ ಅವರೇ ಮೊದಲಿಗರೆಂದು ಹಲವರು ನಂಬಿದ್ದರು. ಬರ್ಲಿನ್ ಗೋಡೆ ಬಿದ್ದ ಮೇಲೆ, ದಾಖಲೆಗಳ ನಡುವೆ ಆಕೆಯ ಕಾಗದಪತ್ರಗಳು ಮತ್ತೆ ಬೆಳಕಿಗೆ ಬಂದವು.

ಮೊದಲಿಗಳು ಎಂಬ ಪಟ್ಟವನ್ನಷ್ಟೇ ಕೊಂಡಾಡಿದರೆ ಸಾಲದು ಎಂದು ನನಗನ್ನಿಸುತ್ತದೆ. ದೀಕ್ಷೆ ಸಿಕ್ಕಿದ್ದು ಒಂದು ದಿನ. ಗುರುವನ್ನು ತಯಾರು ಮಾಡಿದ್ದು ತಂದೆಯಿಲ್ಲದ ಆ ಮನೆ, ವಾರವಾರದ ಆ ಪಾಠ, ಹುಡುಗಿಯರು ತುಂಬಿದ ಆ ತರಗತಿ.