ಮಹಾನಗರದ ಗ್ರಂಥಾಲಯ: ನಾಳೆಯ ಕಲ್ಪನೆಯಲ್ಲಿನ ಒಂದು ಕೊರತೆ

ಮಹಾನಗರಗಳ ಸಾರ್ವಜನಿಕ ಗ್ರಂಥಾಲಯದ ಭವಿಷ್ಯವನ್ನು ಕುರಿತ ಚಿಂತನೆ ನಮ್ಮಲ್ಲಿ ಬಹುಮಟ್ಟಿಗೆ ಕಟ್ಟಡ ಹಾಗೂ ಗಣಕಯಂತ್ರಗಳನ್ನು ದಾಟಿ ಹೋಗುವುದಿಲ್ಲ. ಕಟ್ಟಡದ ಭರವಸೆ ಎಷ್ಟೆಂಬುದಕ್ಕೆ ಚೆನ್ನೈ ಸಾಕ್ಷಿ. ಅಲ್ಲಿ 2010ರಲ್ಲಿ ತೆರೆದ ಅಣ್ಣಾ ಶತಮಾನೋತ್ಸವ ಗ್ರಂಥಾಲಯವನ್ನು ಮರುವರ್ಷವೇ ಮಕ್ಕಳ ಆಸ್ಪತ್ರೆಯನ್ನಾಗಿಸಲು ರಾಜ್ಯ ಸರ್ಕಾರ ಹೊರಟಿತು. ತಡೆದದ್ದು ಮದರಾಸು ಉಚ್ಚ ನ್ಯಾಯಾಲಯ. 1948ರಷ್ಟು ಹಿಂದೆಯೇ ಸಾರ್ವಜನಿಕ ಗ್ರಂಥಾಲಯ ಕಾಯಿದೆಯನ್ನು ಪಡೆದ ನಾಡಿನಲ್ಲಿಯೇ ಹೀಗಾಯಿತು.

ಹೊರನಾಡ ಕನ್ನಡಿಗರ ದೃಷ್ಟಿಯಿಂದ ಇದಕ್ಕಿಂತ ಮೂಲಭೂತವಾದ ಪ್ರಶ್ನೆಯೊಂದಿದೆ. 1954ರ ಪುಸ್ತಕ ಸಲ್ಲಿಕೆ ಕಾಯಿದೆಯ ಪ್ರಕಾರ ಪ್ರಕಾಶಕನು ತಾನು ಪ್ರಕಟಿಸಿದ ಪುಸ್ತಕದ ಒಂದೊಂದು ಪ್ರತಿಯನ್ನು 30 ದಿನಗಳೊಳಗೆ ತನ್ನ ಖರ್ಚಿನಲ್ಲಿ ಕೋಲ್ಕತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈಯ ಕನ್ನೆಮರಾ, ಮುಂಬಯಿಯ ಕೇಂದ್ರ ಗ್ರಂಥಾಲಯ, ದೆಹಲಿ ಸಾರ್ವಜನಿಕ ಗ್ರಂಥಾಲಯಗಳಿಗೂ ತಲುಪಿಸತಕ್ಕದ್ದು. ಅಂದರೆ ಧಾರವಾಡದ ಸಣ್ಣ ಪ್ರಕಾಶಕನ ಕವನ ಸಂಕಲನಕ್ಕೂ ಈ ನಗರಗಳಲ್ಲಿ ನ್ಯಾಯಬದ್ಧವಾದ ನೆಲೆಯಿದೆ. ತಪ್ಪಿದವನಿಗೆ ಕಾಯಿದೆ ಗೊತ್ತುಮಾಡಿದ್ದು 50 ರೂಪಾಯಿಯವರೆಗಿನ ದಂಡ ಮತ್ತು ಪುಸ್ತಕದ ಬೆಲೆ. ಯಾರೂ ಅಂಜುವ ಮೊತ್ತವಲ್ಲ. ನಿಜವಾದ ಲೋಪ ಬೇರೆ. ಪುಸ್ತಕವು ಗ್ರಂಥಾಲಯವನ್ನು ತಲುಪುವ ಬಗೆಯನ್ನು ಕಾಯಿದೆ ಹೇಳುತ್ತದೆ, ಓದುಗನನ್ನು ತಲುಪುವ ಬಗೆಯನ್ನಲ್ಲ. ಪ್ರತಿ ಪುಸ್ತಕಕ್ಕೂ ಅದರ ಓದುಗ ದೊರೆಯಬೇಕೆಂಬ ಸೂತ್ರವನ್ನು ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ್ದು ಇದೇ ಮದರಾಸಿನಿಂದ!

ಕನ್ನಡ ಲಿಪಿಯ ಸೂಚಿಯೂ ಕನ್ನಡ ಬಲ್ಲ ಗ್ರಂಥಪಾಲಕನೂ ಇಲ್ಲದಿದ್ದರೆ ಈ ಸಂಗ್ರಹ ಬರಿಯ ಉಗ್ರಾಣವಾದೀತು. ನಾಲ್ಕೂ ಕಡೆ ಸಲ್ಲಿಕೆಯಾದ ಕನ್ನಡ ಪುಸ್ತಕಗಳ ಸಂಯುಕ್ತ ಸೂಚಿ ಕಟ್ಟಡಕ್ಕಿಂತ ಅಗ್ಗ. ಗಣಕಯಂತ್ರ ನಿಜವಾಗಿ ಒದಗುವುದೂ ಇಲ್ಲಿಯೇ. ಹೊರನಾಡಿನ ಕನ್ನಡ ಪೀಠಗಳು ಈ ಕೆಲಸವನ್ನು ಹಂಚಿಕೊಂಡು ಆರಂಭಿಸಬಹುದು. ಕಾಯಿದೆಯ ಪಟ್ಟಿಯಲ್ಲೇ ಇಲ್ಲದ ಪುಣೆ, ಹೈದರಾಬಾದುಗಳ ಓದುಗರಿಗಂತೂ ಅದರ ಅಗತ್ಯ ಇನ್ನೂ ಹೆಚ್ಚು.